ಫಾರ್ಮಸಿ ಓದಿದ ಮೇಲೆ ಯಾವ ದಾರಿ: ನಾನು ಹುಡುಕಿಕೊಂಡ ಬಗೆ

ಫಾರ್ಮಸಿ ಪದವಿಯ ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಎರಡೇ ದಾರಿ: ಒಂದೋ ಸಂಶೋಧನೆ, ಇಲ್ಲವೇ ಔಷಧದ ಅಂಗಡಿ. ಮೊದಲನೆಯದು ಜಾಣರಿಗೆ, ಎರಡನೆಯದು ಬೇರೆ ಗತಿಯಿಲ್ಲದವರಿಗೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ತರಗತಿಯಲ್ಲಿ ಎಲ್ಲರೂ ಹಾಗೆಯೇ ನಂಬಿದ್ದೆವು. ಈಗ ನಾನು ಈ ಎರಡೂ ಕಡೆ ಇಲ್ಲ. ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ಓದಿ, ತೂಗಿ ನೋಡಿ, ದಾಖಲಿಸುವ ಫಾರ್ಮಕೋವಿಜಿಲೆನ್ಸ್ ಎಂಬ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಓದುವಾಗ ಈ ಹೆಸರು ಪಠ್ಯದ ಒಂದು ಅಧ್ಯಾಯದಲ್ಲಿ ಬಂದು ಹೋಗಿತ್ತು, ಅಷ್ಟೆ.

ಹುಡುಕಾಟ ಆರಂಭಿಸಿದಾಗ ನಾನು ಮಾಡಿದ ಮೊದಲ ತಪ್ಪು, ಸಿಕ್ಕ ಹಿರಿಯರನ್ನೆಲ್ಲ "ನಿಮ್ಮ ಕೆಲಸ ಹೇಗಿದೆ?" ಎಂದು ಕೇಳಿದ್ದು. ಆ ಪ್ರಶ್ನೆಗೆ "ಚೆನ್ನಾಗಿದೆ, ಕಷ್ಟಪಡಬೇಕು" ಎಂಬುದನ್ನು ಬಿಟ್ಟರೆ ಬೇರೆ ಉತ್ತರ ಬರುವುದಿಲ್ಲ. ಕೊನೆಗೆ ಪ್ರಶ್ನೆಯನ್ನೇ ಬದಲಿಸಿದೆ: "ನಿನ್ನೆ ಹತ್ತರಿಂದ ಹನ್ನೊಂದು ಗಂಟೆಯವರೆಗೆ ನೀವು ಏನು ಮಾಡಿದಿರಿ?" ಈ ಒಂದು ಗಂಟೆಯ ಲೆಕ್ಕ ಕೇಳಿದ ಕೂಡಲೇ ಮಾತು ಹುದ್ದೆಯ ಹೆಸರಿನಿಂದ ಇಳಿದು ಮೇಜಿನ ಮೇಲಿರುವ ಕಾಗದಕ್ಕೆ ಬರುತ್ತದೆ. ಎರಡನೆಯ ಪ್ರಶ್ನೆಯೊಂದು ನನ್ನದೇ ತಪ್ಪಿನಿಂದ ಹುಟ್ಟಿತು.

ರಜೆಯಲ್ಲಿ ಒಂದು ಔಷಧದ ಅಂಗಡಿಯಲ್ಲಿ ಕಲಿಯಲು ನಿಂತಿದ್ದೆ. ಚೀಟಿಯಲ್ಲಿ ಇದ್ದದ್ದು ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್. ನಾನು ಕಪಾಟಿನಿಂದ ತೆಗೆದಿಟ್ಟದ್ದು ರಕ್ತದೊತ್ತಡಕ್ಕೆ ಕೊಡುವ ಹೈಡ್ರಲಜಿನ್. ಹೆಸರಿನ ಮೊದಲ ಅಕ್ಷರಗಳು ಒಂದೇ, ಮಾತ್ರೆಯ ಪ್ರಮಾಣವೂ ಒಂದೇ, ಕಪಾಟಿನಲ್ಲಿ ಎರಡೂ ಅಕ್ಕಪಕ್ಕ. ಹಿರಿಯ ಫಾರ್ಮಸಿಸ್ಟ್ ಪೊಟ್ಟಣವನ್ನು ಚೀಟಿಯ ಪಕ್ಕದಲ್ಲಿಟ್ಟು, ಹೆಸರನ್ನು ಬೆರಳಿನಿಂದ ಒಂದೊಂದೇ ಅಕ್ಷರವಾಗಿ ತೋರಿಸುತ್ತ ಓದಿದರು. ನಾಲ್ಕೈದನೆಯ ಅಕ್ಷರಕ್ಕೆ ಬೆರಳು ನಿಂತಿತು. ಗದರಲಿಲ್ಲ. "ಇಲ್ಲಿ ಸಿಕ್ಕಿತಲ್ಲ, ಒಳ್ಳೆಯದಾಯಿತು. ಇಲ್ಲಿ ದಾಟಿದ್ದರೆ ಮುಂದೆ ಹಿಡಿಯಲು ಯಾರೂ ಇರಲಿಲ್ಲ" ಎಂದರು. ಅಂದಿನಿಂದ ಎಲ್ಲಿಗೆ ಹೋದರೂ ಕೇಳತೊಡಗಿದೆ: ಈ ಕೆಲಸದಲ್ಲಿ ತಪ್ಪಾದರೆ ಅದು ಎಲ್ಲಿ, ಎಷ್ಟು ಹೊತ್ತಿಗೆ ಸಿಕ್ಕಿಬೀಳುತ್ತದೆ? ಫಾರ್ಮಸಿಯ ಕವಲುಗಳ ನಡುವಿನ ನಿಜವಾದ ವ್ಯತ್ಯಾಸ ನನಗೆ ಕಂಡದ್ದು ಈ ಪ್ರಶ್ನೆಯ ಉತ್ತರಗಳಲ್ಲಿ.

ಅಂಗಡಿಯ ಕೆಲಸದ ಬಗ್ಗೆ ನನಗಿದ್ದ ತಾತ್ಸಾರ ಆ ರಜೆಯಲ್ಲೇ ಕರಗಿತು. ವರ್ಷಗಳಿಂದ ಇನ್ಹೇಲರ್ ಬಳಸುತ್ತಿದ್ದ ಹಿರಿಯರೊಬ್ಬರು "ಇದು ಈಚೆಗೆ ಕೆಲಸ ಮಾಡುತ್ತಿಲ್ಲ, ಬೇರೆ ಕೊಡಿ" ಎಂದು ಬಂದರು. ಬೇರೆ ಕೊಡುವ ಬದಲು, ಹೇಗೆ ಎಳೆದುಕೊಳ್ಳುತ್ತೀರಿ ತೋರಿಸಿ ಎಂದು ಫಾರ್ಮಸಿಸ್ಟ್ ಕೇಳಿದರು. ಅವರು ಮೊದಲು ಉಸಿರನ್ನು ಪೂರ್ತಿ ಒಳಗೆಳೆದುಕೊಂಡು, ಆಮೇಲೆ ಒತ್ತಿದರು. ಔಷಧ ಬಾಯಿಯಲ್ಲೇ ಉಳಿದು ತುಟಿಯ ಅಂಚಿನಿಂದ ಹೊಗೆಯಂತೆ ಹೊರಬಂದಿತು. ಉಸಿರನ್ನು ನಿಧಾನವಾಗಿ ಎಳೆಯಲು ಆರಂಭಿಸಿದೊಡನೆ ಒತ್ತಬೇಕು, ಎಳೆದ ಉಸಿರನ್ನು ಹತ್ತು ಎಣಿಸುವವರೆಗೆ ಹಿಡಿಯಬೇಕು ಎಂದು ಮೂರು ಬಾರಿ ಮಾಡಿಸಿ ಕಳುಹಿಸಿದರು. ಆ ಹತ್ತು ನಿಮಿಷದಲ್ಲಿ ಮಾರಾಟ ಏನೂ ಆಗಲಿಲ್ಲ. ಈ ಕವಲಿಗೆ ಹೋಗಬೇಕೆನ್ನುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಸರದಿಯಲ್ಲಿ ಆರು ಜನ ಕಾಯುತ್ತಿರುವಾಗ ಏಳನೆಯವರಿಗೆ ಆ ಹತ್ತು ನಿಮಿಷವನ್ನು ಮುಖ ಗಂಟಿಕ್ಕದೆ ಕೊಡಬಲ್ಲೆನೇ?

ಆಮೇಲೆ ಎರಡು ತಿಂಗಳು ಮಾತ್ರೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ತರಬೇತಿಗೆ ಸೇರಿದೆ. ಒಂದು ದಿನ ಒತ್ತುಯಂತ್ರದಿಂದ ಬೀಳುತ್ತಿದ್ದ ಮಾತ್ರೆಗಳಲ್ಲಿ ಕೆಲವು, ಡಬ್ಬಿಯ ಮುಚ್ಚಳ ಕಳಚಿದಂತೆ ಮೇಲಿನ ಪದರ ಕಳಚಿಕೊಂಡು ಬಂದವು. ಇದಕ್ಕೆ ಕ್ಯಾಪಿಂಗ್ ಎನ್ನುತ್ತಾರೆ. ಪುಡಿಯ ನಡುವೆ ಗಾಳಿ ಸಿಕ್ಕಿಕೊಂಡಾಗ, ಪುಡಿಯನ್ನು ಕಟ್ಟಿ ಮಾಡಿದ ಹರಳುಗಳು ಅತಿಯಾಗಿ ಒಣಗಿದಾಗ ಅಥವಾ ಯಂತ್ರದ ವೇಗ ಹೆಚ್ಚಾದಾಗ ಹೀಗಾಗುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆ. ಯಂತ್ರ ನಡೆಸುವವರು ಕೈಗವಸು ತೊಟ್ಟ ಮುಷ್ಟಿಯಲ್ಲಿ ಸ್ವಲ್ಪ ಹರಳುಪುಡಿಯನ್ನು ಅಮುಕಿ ಬಿಟ್ಟು, ಅದು ಉಂಡೆಗಟ್ಟದೆ ಉದುರಿದ್ದನ್ನು ನೋಡಿ "ತೇವ ಸಾಲದು" ಎಂದರು. ತೇವಾಂಶದ ಅಳತೆ ಬಂದಾಗ ಅವರ ಮಾತೇ ನಿಜವಾಗಿತ್ತು. ಮಾತ್ರೆ ಎಷ್ಟು ಸವೆಯುತ್ತದೆಂದು ತಿಳಿಯಲು ಅದನ್ನು ಡ್ರಮ್ಮಿನಲ್ಲಿ ನಿಮಿಷಕ್ಕೆ 25 ಸುತ್ತಿನಂತೆ 100 ಸುತ್ತು ಉರುಳಿಸುತ್ತಾರೆ. ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಹೆಚ್ಚು ಕಳೆಯಬಾರದು. ಆ ಪರೀಕ್ಷೆ ಮಾಡುವುದು ನಾಲ್ಕು ನಿಮಿಷದ ಕೆಲಸ, ಅದನ್ನು ದಾಖಲೆಯಲ್ಲಿ ಬರೆಯುವುದು ಅದಕ್ಕಿಂತ ದೊಡ್ಡ ಕೆಲಸ. ತಪ್ಪಾಗಿ ಬರೆದದ್ದನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕಾರಣ ನಮೂದಿಸಿ, ಸಹಿ ಮತ್ತು ದಿನಾಂಕ ಹಾಕಬೇಕು. ಇಲ್ಲಿ ತಪ್ಪು ರೋಗಿಯವರೆಗೆ ಹೋಗುವ ಮೊದಲು ಹತ್ತಾರು ಕೈಗಳನ್ನು ದಾಟಬೇಕು. ಆದರೆ ದಾಟಿಬಿಟ್ಟರೆ ಅದು ಒಬ್ಬರಿಗಲ್ಲ, ಲಕ್ಷ ಮಾತ್ರೆಗಳ ಒಂದು ಬ್ಯಾಚಿಗೇ ತಟ್ಟುತ್ತದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ವಿಷವೋ ಅಲ್ಲವೋ ಎಂದು ನೋಡದೆ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂದಿತು. ದಾಖಲೆಯ ಕಿರಿಕಿರಿಗೆ ಗೊಣಗಿದಾಗಲೆಲ್ಲ ತರಬೇತುದಾರರು ನನಗೆ ಈ ಕಥೆಯನ್ನು ನೆನಪಿಸುತ್ತಿದ್ದರು.

ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕಳೆದ ಎರಡು ವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಔಷಧದಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಗೆರೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂರುವ ಆ ಮೌನ ಕೆಲವರಿಗೆ ಸ್ವರ್ಗ. ಸಂಶೋಧನೆಯ ಕನಸು ಕಂಡಿದ್ದ ನನಗೆ ಅದು ಮೂರನೆಯ ದಿನಕ್ಕೇ ಭಾರವಾಯಿತು. ಅದನ್ನು ಎರಡು ವಾರದಲ್ಲಿ ತಿಳಿದುಕೊಂಡದ್ದು ನನ್ನ ಪುಣ್ಯ, ಇಲ್ಲದಿದ್ದರೆ ಅದೇ ವಿಷಯಕ್ಕೆ ಐದು ವರ್ಷ ತೆರಬೇಕಾಗುತ್ತಿತ್ತು.

ಆಸ್ಪತ್ರೆಯೇ ನನ್ನ ಜಾಗ ಎಂದು ಬಹಳ ದಿನ ನಂಬಿದ್ದೆ. ವಾರ್ಡಿನ ಫಾರ್ಮಸಿಸ್ಟ್ ಜೊತೆ ರೌಂಡ್ಸ್‌ಗೆ ಹೋಗುತ್ತಿದ್ದಾಗ, ಸಂಧಿವಾತದ ರೋಗಿಯೊಬ್ಬರ ಹಾಳೆಯಲ್ಲಿ ಮೆಥೊಟ್ರೆಕ್ಸೇಟ್ ದಿನಕ್ಕೊಂದು ಎಂದು ನಮೂದಾಗಿತ್ತು. ಸಂಧಿವಾತಕ್ಕೆ ಆ ಔಷಧವನ್ನು ಕೊಡುವುದು ವಾರಕ್ಕೊಮ್ಮೆ. ದಿನವೂ ಕೊಟ್ಟರೆ ಮೂಳೆಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನೇ ನಿಲ್ಲಿಸಿ ಜೀವಕ್ಕೆ ಅಪಾಯವಾಗುತ್ತದೆ. ಫಾರ್ಮಸಿಸ್ಟ್ ಹಾಳೆಯನ್ನು ಪಕ್ಕಕ್ಕಿಟ್ಟು ರೋಗಿಯ ಮಗಳನ್ನು, ಮನೆಯಲ್ಲಿ ಈ ಮಾತ್ರೆಯನ್ನು ಯಾವಾಗ ಕೊಡುತ್ತೀರಮ್ಮ ಎಂದು ಕೇಳಿದರು. "ಅಪ್ಪನಿಗೆ ಭಾನುವಾರ ಮಾತ್ರ" ಎಂದಳು ಅವಳು. ಐದು ನಿಮಿಷದಲ್ಲಿ ವೈದ್ಯರೊಡನೆ ಮಾತಾಗಿ ಆದೇಶ ತಿದ್ದುಪಡಿಯಾಯಿತು. ಮೈ ಜುಮ್ಮೆಂದ ಆ ಐದು ನಿಮಿಷವೇ ನನಗೆ ಇನ್ನೊಂದನ್ನೂ ತೋರಿಸಿತು: ಅಲ್ಲಿ ನಿರ್ಧಾರಗಳೆಲ್ಲ ನಿಂತ ಕಾಲಿನಲ್ಲಿ, ನಾಲ್ಕು ಜನರ ನಡುವೆ, ಮಾತಿನಲ್ಲೇ ಆಗಬೇಕು. ನಾನು ಬರೆದು ಯೋಚಿಸುವ ಜಾತಿ. ವೈದ್ಯರು ಕೇಳಿದ್ದಕ್ಕೆ ಸರಿಯಾದ ಉತ್ತರ ನನಗೆ ಹೊಳೆಯುತ್ತಿದ್ದದ್ದು ರೌಂಡ್ಸ್ ಮುಂದಿನ ಹಾಸಿಗೆಗೆ ಹೋದ ಮೇಲೆ.

ಇವಲ್ಲದೆ ಅರ್ಧ ದಿನ, ಒಂದು ದಿನ ಎಂದು ಹೋಗಿ ನೋಡಿದ ಕಡೆಗಳು ಇನ್ನೂ ಇವೆ. ಹೊಸ ಔಷಧದ ಅನುಮತಿಗಾಗಿ ಐದು ಭಾಗಗಳ ಕಡತ ಸಿದ್ಧಪಡಿಸುವವರು ವಕೀಲರಂತೆ ಪದಪದವನ್ನೂ ಹಿಂಜುತ್ತಾರೆ. ವಿಕಿರಣ ಔಷಧಗಳನ್ನು ತಯಾರಿಸುವವರು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಬರುತ್ತಾರೆ, ಏಕೆಂದರೆ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯುವ ಅವಧಿ, ಕೇವಲ 6 ಗಂಟೆ. ತಡವಾಗಿ ತಯಾರಿಸಿದರೆ ಆಸ್ಪತ್ರೆ ತಲುಪುವಷ್ಟರಲ್ಲಿ ಅದರ ಶಕ್ತಿ ಇಳಿದಿರುತ್ತದೆ. ಇಂಥ ಕವಲೊಂದಿದೆ ಎಂಬುದೇ ನನ್ನ ತರಗತಿಯ ಅರ್ಧದಷ್ಟು ಜನರಿಗೆ ಗೊತ್ತಿರಲಿಲ್ಲ.

ಫಾರ್ಮಕೋವಿಜಿಲೆನ್ಸ್ ವಿಭಾಗಕ್ಕೆ ಹೋದದ್ದು, ನಿಜ ಹೇಳಬೇಕೆಂದರೆ, ಬೇರೆ ಕಡೆ ಜಾಗ ಸಿಗದೆ. ಗುಮಾಸ್ತಿಕೆ ಎಂದುಕೊಂಡೇ ಹೋದೆ. ಮೊದಲ ವಾರ ನನ್ನ ಕೈಗೆ ಬಂದ ವರದಿಯಲ್ಲಿ, ಅಮಾಕ್ಸಿಸಿಲಿನ್ ತೆಗೆದುಕೊಂಡ ಹುಡುಗನೊಬ್ಬನ ಮೈಮೇಲೆ ಗಂಧೆ ಎದ್ದಿತೆಂದು ಇತ್ತು. ಒಂದು ವರದಿ ವರದಿಯೆನಿಸಲು ನಾಲ್ಕು ಅಂಶ ಇರಲೇಬೇಕು: ಗುರುತಿಸಬಹುದಾದ ರೋಗಿ, ತಿಳಿಸಿದ ವ್ಯಕ್ತಿ, ಅನುಮಾನಿತ ಔಷಧ, ಆದ ತೊಂದರೆ. ನಾಲ್ಕೂ ಇದ್ದವು, ನಮೂದಿಸಿ ಮುಗಿಸುವುದರಲ್ಲಿದ್ದೆ. ಮೇಲ್ವಿಚಾರಕರು ಒಂದು ಸಾಲಿನ ಕೆಳಗೆ ಗೆರೆ ಎಳೆದರು: ಜ್ವರ ಬಂದ ಎರಡನೆಯ ದಿನ ಗಂಧೆ, ನಾಲ್ಕನೆಯ ದಿನ ಔಷಧ. ಔಷಧ ಹೊಟ್ಟೆಗೆ ಹೋಗುವ ಮೊದಲೇ ಗಂಧೆ ಎದ್ದಿತ್ತು. ಹಾಗೆಂದು ವರದಿಯನ್ನು ಎಸೆಯುವ ಅಧಿಕಾರ ನಮಗಿಲ್ಲ; ತಿಳಿಸಿದವರ ಅನುಮಾನವನ್ನು ಹಾಗೆಯೇ ದಾಖಲಿಸಿ, ದಿನಾಂಕಗಳ ಕ್ರಮವನ್ನು ಸ್ಪಷ್ಟವಾಗಿ ಬರೆದು, ನಮ್ಮ ಮೌಲ್ಯಮಾಪನವನ್ನು ಬೇರೆಯಾಗಿ ಸೇರಿಸಬೇಕು.

ಇಲ್ಲಿ ತಪ್ಪು ಸಿಕ್ಕಿಬೀಳುವುದು ಎಲ್ಲಕ್ಕಿಂತ ತಡವಾಗಿ, ಕೆಲವೊಮ್ಮೆ ವರ್ಷಗಳ ನಂತರ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧ ಅಲ್ಲಿ ಹಿಂತೆಗೆಯಲ್ಪಟ್ಟದ್ದು 1961ರ ಕೊನೆಗೆ. ಅಷ್ಟರಲ್ಲಿ ಹಲವು ದೇಶಗಳಲ್ಲಿ, ಗರ್ಭಿಣಿಯಾಗಿದ್ದಾಗ ಅದನ್ನು ತೆಗೆದುಕೊಂಡ ತಾಯಂದಿರಿಗೆ ಸಾವಿರಾರು ಶಿಶುಗಳು ಅಂಗವೈಕಲ್ಯದೊಡನೆ ಹುಟ್ಟಿದ್ದವು. ಚದುರಿದ ಅನುಮಾನಗಳನ್ನು ಒಂದೆಡೆ ಸೇರಿಸುವ ವ್ಯವಸ್ಥೆ ಆಗ ಇರಲಿಲ್ಲ. ಅಡ್ಡಪರಿಣಾಮದ ವರದಿಗಳನ್ನು ಹಲವು ದೇಶಗಳಿಂದ ಒಗ್ಗೂಡಿಸುವ ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕ್ರಮ 1968ರಲ್ಲಿ ಆರಂಭವಾದದ್ದು ಆ ಕೊರತೆಯಿಂದಲೇ. ನಾನು ದಿನವೂ ದಿನಾಂಕಗಳನ್ನು ಸರಿಹೊಂದಿಸುತ್ತ ಕೂರುವುದು ಅದೇ ಕೆಲಸದ ಒಂದು ಸಣ್ಣ ತುಣುಕು. ಹತ್ತರಿಂದ ಹನ್ನೊಂದರವರೆಗಿನ ನನ್ನ ಗಂಟೆ ಹೊರಗಿನವರಿಗೆ ನೀರಸವಾಗಿ ಕಾಣುತ್ತದೆ; ನನಗೆ ಆ ನಿಧಾನವೇ ಹಿಡಿಸಿತು.

ಈಗ ವಿದ್ಯಾರ್ಥಿಗಳು ಕೇಳಿಕೊಂಡು ಬಂದರೆ ನಾನು ಭಾಷಣ ಮಾಡುವುದಿಲ್ಲ. ಹೆಸರು, ಗುರುತು ತೆಗೆದು ಅಭ್ಯಾಸಕ್ಕೆಂದು ಇಟ್ಟುಕೊಂಡ ಹತ್ತು ವರದಿಗಳನ್ನು ಕೊಟ್ಟು, ಘಟನೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಲು ಹೇಳಿ ಅರ್ಧ ದಿನ ಬಿಟ್ಟುಬಿಡುತ್ತೇನೆ. ಕಳೆದ ಬಾರಿ ಬಂದ ಹುಡುಗ ನಾಲ್ಕನೆಯ ವರದಿಗೇ ಪೆನ್ನು ಕೆಳಗಿಟ್ಟು, "ಸರಿಯಾಗಿಯೇ ಮಾಡುತ್ತಿದ್ದೇನೆ, ಆದರೆ ಕೈಗೆ ಏನೂ ಸಿಕ್ಕ ಹಾಗೆ ಅನ್ನಿಸುತ್ತಿಲ್ಲ" ಎಂದ. ಹಿಂದಿನ ವಾರ ಎಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ಕೇಳಿದೆ. ಮಾತ್ರೆ ಒತ್ತುವ ಯಂತ್ರದ ಹತ್ತಿರ ಎಂದು ತಡವಿಲ್ಲದೆ ಹೇಳಿದ. ಉಳಿದ ಆರು ವರದಿಗಳನ್ನು ನಾನು ವಾಪಸು ತೆಗೆದುಕೊಂಡೆ.