ಸಮಾಜ ಸುಧಾರಣೆಗೆ ಇಳಿಯುವವರಿಗೆ: ಒಂದೇ ವಿಷಯವೋ, ಹಲವು ಕ್ಷೇತ್ರಗಳೋ?

ಸಮಾಜವನ್ನೋ ಸರ್ಕಾರದ ನೀತಿಯನ್ನೋ ತಿದ್ದುವ ಕೆಲಸಕ್ಕೆ ಇಳಿಯುವವರು, ಒಂದೇ ವಿಷಯ ಹಿಡಿದು ಆಳಕ್ಕೆ ಹೋಗಬೇಕೋ ಅಥವಾ ಶಿಕ್ಷಣ, ಆರೋಗ್ಯ, ಭೂಮಿ, ಕೂಲಿ ಎಲ್ಲವನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬೇಕೋ ಎಂಬುದನ್ನು ಆರಂಭದಲ್ಲೇ ತೀರ್ಮಾನಿಸಬೇಕು. ನನ್ನ ಸಲಹೆ ಇಷ್ಟು: ವಿಷಯ ಮತ್ತು ಸ್ಥಳ ಇವೆರಡರಲ್ಲಿ ಒಂದನ್ನು ಬಿಗಿಯಾಗಿ ನಿಗದಿಮಾಡಿಕೊಳ್ಳಿ, ಇನ್ನೊಂದನ್ನು ಕೆಲಸ ಬೇಡಿದಷ್ಟು ಹಬ್ಬಲು ಬಿಡಿ. ಎರಡನ್ನೂ ಸಡಿಲ ಬಿಟ್ಟರೆ ಶ್ರಮವೆಲ್ಲ ಮನವಿಪತ್ರ ಮತ್ತು ಹೇಳಿಕೆಗಳಲ್ಲಿ ಕಳೆದುಹೋಗುತ್ತದೆ.

ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರು ಹಿಡಿದದ್ದು ಮಲ ಹೊರುವ ಪದ್ಧತಿಯ ನಿರ್ಮೂಲನೆ ಎಂಬ ಒಂದೇ ವಿಷಯವನ್ನು. 1993ರಲ್ಲೇ ನಿಷೇಧ ಕಾಯ್ದೆ ಬಂದಿದ್ದರೂ ಪದ್ಧತಿ ನಿಂತಿರಲಿಲ್ಲವಾದ್ದರಿಂದ, ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. 2013ರಲ್ಲಿ ಹೊಸ ಕಾಯ್ದೆ ಬಂತು. 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳನ್ನು ಗುರುತಿಸಿ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರ ಮಾರ್ಚ್ 27ರ ತೀರ್ಪು ಹೇಳಿತು. ವಿಷಯ ಒಂದೇ ಆದರೂ ಅದು ನಗರಸಭೆ, ರೈಲ್ವೆ, ಪುನರ್ವಸತಿ, ಜಾತಿ ಎಲ್ಲವನ್ನೂ ಮುಟ್ಟಿತು.

ಡಾ. ಎಚ್. ಸುದರ್ಶನ್ ಅವರು ನಿಗದಿಮಾಡಿಕೊಂಡದ್ದು ಸ್ಥಳವನ್ನು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವೈದ್ಯರಾಗಿ ನಿಂತು, ಮುಂದೆ ಶಾಲೆಗೂ ಜೀವನೋಪಾಯಕ್ಕೂ ಕೈಹಾಕಿದರು. 1999ರಲ್ಲಿ ಸರ್ಕಾರ ರಚಿಸಿದ ಆರೋಗ್ಯ ಕಾರ್ಯಪಡೆಗೆ ಅವರೇ ಅಧ್ಯಕ್ಷರಾದರು.

ನಿಮ್ಮ ಆಯ್ಕೆ ಯಾವುದಾಗಬೇಕೆಂದು ತಿಳಿಯಲು, ನೀವು ಬದಲಿಸಬಯಸುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಒಂದು ನಿಯಮದ ಲೋಪವೇ ಹಲವು ಜಿಲ್ಲೆಗಳ ಜನರನ್ನು ಕಾಡುತ್ತಿದ್ದರೆ ವಿಷಯವನ್ನು ಹಿಡಿಯಿರಿ. ಒಂದೇ ಸಮುದಾಯವನ್ನು ಹಲವು ಕೊರತೆಗಳು ಒಟ್ಟಿಗೆ ಹಿಂಡುತ್ತಿದ್ದರೆ ಸ್ಥಳವನ್ನು ಹಿಡಿಯಿರಿ.

ಬಳಿಕ ಒಂದು ಮಾಹಿತಿ ಹಕ್ಕು ಅರ್ಜಿ ಬರೆದು ನೋಡಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ಮಿತಿಯ ಬಗ್ಗೆ ನನಗೆ ತಕರಾರಿದೆ, ಏಕೆಂದರೆ ಬರೆಯಲು ಬಾರದವರಿಗೆ ಅದು ತೊಡಕು. ಆದರೂ ಕಲಿಯುವವರಿಗೆ ಅದು ಒಳ್ಳೆಯ ಅಭ್ಯಾಸ. ‘ತಾಲ್ಲೂಕಿನ ವಿದ್ಯಾರ್ಥಿನಿಲಯಗಳ ಸ್ಥಿತಿಗತಿ ತಿಳಿಸಿ’ ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಮಂಜೂರಾದ ಅಡುಗೆಯವರ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಕಳೆದ ತಿಂಗಳ ಹಾಜರಾತಿ ವಹಿಯ ಪ್ರತಿ ಕೊಡಿ ಎಂದು ಕೇಳಿದರೆ ನುಣುಚಿಕೊಳ್ಳುವುದು ಕಷ್ಟ. ಶುಲ್ಕ 10 ರೂಪಾಯಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು. ಇಷ್ಟು ನಿಖರವಾದ ಪ್ರಶ್ನೆ ನಿಮಗೆ ಹೊಳೆಯದಿದ್ದರೆ ವಿಷಯ ಇನ್ನೂ ಕೈವಶವಾಗಿಲ್ಲವೆಂದು ತಿಳಿದು, ಆ ನಿಲಯದ ಅಡುಗೆಮನೆಗೆ ಹೋಗಿ ಮಕ್ಕಳನ್ನೂ ಅಡುಗೆಯವರನ್ನೂ ಮಾತನಾಡಿಸಿ ಬನ್ನಿ.

ವ್ಯಾಪ್ತಿ ಹಿಗ್ಗಿಸಬೇಕಾದದ್ದು ಕಡತವೇ ಹಾಗೆ ಹೇಳಿದಾಗ. ಅಡುಗೆಯವರ ಹುದ್ದೆ ಖಾಲಿ ಉಳಿಯಲು ಹಣಕಾಸು ಇಲಾಖೆಯ ಅನುಮತಿ ಸಿಗದಿರುವುದೇ ಕಾರಣವೆಂಬ ಲಿಖಿತ ಉತ್ತರ ಬಂದರೆ, ಆಗ ಬಜೆಟ್ ಓದಲು ಕಲಿಯಿರಿ. ದೇಣಿಗೆ ಕೊಡುವವರ ಆಸಕ್ತಿ ಈ ವರ್ಷ ಬೇರೆ ಕಡೆ ಹೊರಳಿತೆಂಬ ಕಾರಣಕ್ಕೆ ಮಾತ್ರ ವಿಷಯ ಬದಲಿಸಬೇಡಿ. ನಿಮ್ಮನ್ನು ನಂಬಿ ಹೇಳಿಕೆ ಕೊಟ್ಟ ಅಡುಗೆಯವರು ಅದೇ ಮೇಲ್ವಿಚಾರಕರ ಕೈಕೆಳಗೆ ದುಡಿಯುತ್ತಲೇ ಇರುತ್ತಾರೆ.