ಕ್ರಿಕೆಟ್ 2005ರ ಕ್ರೀಡಾಂಗಣವನ್ನು ಕ್ರಿಕೆಟ್ 07ಕ್ಕೆ ಒಯ್ದ ಬಗೆ: ನನ್ನ ಅನುಭವ

ಇಎ ಸ್ಪೋರ್ಟ್ಸ್ ಹೆಸರಿನಲ್ಲಿ ಬಂದ ಕಂಪ್ಯೂಟರ್ ಆಟಗಳಾದ ಕ್ರಿಕೆಟ್ 2005 ಮತ್ತು 2006ರ ನವೆಂಬರಿನಲ್ಲಿ ಬಂದ ಕ್ರಿಕೆಟ್ 07, ಎರಡನ್ನೂ ರೂಪಿಸಿದ್ದು ಕೆನಡಾದ ಎಚ್‌ಬಿ ಸ್ಟುಡಿಯೋಸ್. ಒಂದೇ ಕೈಯಲ್ಲಿ ತಯಾರಾದ ಆಟಗಳಾದುದರಿಂದ ಒಂದಕ್ಕಾಗಿ ಮಾಡಿದ ಕ್ರೀಡಾಂಗಣ ಇನ್ನೊಂದರಲ್ಲಿ ಹಾಗೆಯೇ ಕೂರುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಫೈಲುಗಳ ಮಟ್ಟಿಗೆ ಈ ತಿಳಿವಳಿಕೆ ಬಹುಪಾಲು ಸರಿ. ಎರಡರಲ್ಲಿಯೂ ಚಿತ್ರಗಳು ಎಫ್‌ಎಸ್‌ಎಚ್ ಎಂಬ ಬಗೆಯ ಫೈಲುಗಳಲ್ಲಿದ್ದು, ಆ ಫೈಲುಗಳು ಬಿಗ್ ಎಂಬ ದೊಡ್ಡ ಕಟ್ಟುಗಳೊಳಗೆ ಸೇರಿರುತ್ತವೆ. ಆದರೆ ಕ್ರೀಡಾಂಗಣದ ಯಾವ ಗೋಡೆಯ ಮೇಲೆ ಚಿತ್ರದ ಯಾವ ಭಾಗ ಬಂದು ಕೂರಬೇಕೆಂಬುದನ್ನು ತೀರ್ಮಾನಿಸುವುದು ಫೈಲಿನ ಬಗೆಯಲ್ಲ, ಆಯಾ ಆಟದ ಮೂರು ಆಯಾಮದ ಮಾದರಿ. ಮಾದರಿ ಬದಲಾದಲ್ಲಿ ಹಳೆಯ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಛಾವಣಿಯ ತಗಡು ಕುರ್ಚಿಗಳ ಮೇಲೆಯೂ ಕುರ್ಚಿಗಳು ಜಾಹೀರಾತು ಫಲಕದ ಮೇಲೆಯೂ ಬಂದು ಬೀಳುತ್ತವೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ಫ್ಲೆಕ್ಸ್, ಮದುವೆಯ ಆಮಂತ್ರಣ ಪತ್ರಿಕೆ, ಅಂಗಡಿ ಫಲಕ ಇವುಗಳ ವಿನ್ಯಾಸ ಮಾಡುವುದು ನನ್ನ ವೃತ್ತಿ. ಚಿತ್ರಗಳ ಕೆಲಸ ಕೈಗೆ ಹತ್ತಿದ್ದರಿಂದ ಕ್ರಿಕೆಟ್ 2005ಕ್ಕಾಗಿ ನಮ್ಮ ಊರಿನ ಚಹರೆಯ ಒಂದು ಕ್ರೀಡಾಂಗಣವನ್ನು ಮಾಡಿಕೊಂಡಿದ್ದೆ. ಅದರ ತಳಗೋಡೆಗೆ ಶಹಾಬಾದ್ ಫರ್ಸಿ ಕಲ್ಲು, ಬೌಂಡರಿಯ ಆಚೆಗೆ ಎರೆಮಣ್ಣಿನ ಅಂಚು, ದೂರದ ಹಿನ್ನೆಲೆಯಲ್ಲಿ ಬೇವಿನ ಮರಗಳು ಮತ್ತು ಕೋಟೆಯ ಬುರುಜು, ಸುತ್ತಲಿನ ಫಲಕಗಳಲ್ಲಿ ಕನ್ನಡ ಅಕ್ಷರಗಳು ಇದ್ದವು. ಕ್ರಿಕೆಟ್ 07 ಇಎ ಕ್ರಿಕೆಟ್ ಸರಣಿಯ ಕೊನೆಯ ಆಟ. ಅದರಲ್ಲಿ ನಿಜ ಹೆಸರು, ಅಂಗಿ ಬಳಸಲು ಪೂರ್ಣ ಪರವಾನಗಿ ಇದ್ದದ್ದು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ತಂಡಗಳಿಗೆ. ಭಾರತದ ಆಟಗಾರರ ಹೆಸರುಗಳೇ ತಿರುಚಿಕೊಂಡಿದ್ದವು. ಹಾಗಾಗಿ ಹೆಸರು, ಅಂಗಿ, ಬ್ಯಾಟು, ಮೈದಾನ ಎಲ್ಲವನ್ನೂ ತಾವೇ ತಿದ್ದಿಕೊಳ್ಳುವ ರೂಢಿ ಆ ಆಟದ ಸುತ್ತ ಬೆಳೆಯಿತು. ಹಳೆಯ ಕಂಪ್ಯೂಟರಿನಲ್ಲಿಯೂ ಓಡುವುದರಿಂದ ನಮ್ಮ ಓಣಿಯ ಹುಡುಗರು ಇಂದಿಗೂ ಅದನ್ನೇ ಆಡುತ್ತಾರೆ. ನನ್ನ ಕ್ರೀಡಾಂಗಣವನ್ನು ಅಲ್ಲಿಗೆ ಒಯ್ಯಲು ಇದು ಸಾಕಷ್ಟು ಕಾರಣವಾಗಿತ್ತು.

ಈ ಕೆಲಸದಲ್ಲಿ ಮೊದಲು ಓದಬೇಕಾದುದು ನಮ್ಮ ಹಳೆಯ ಕ್ರೀಡಾಂಗಣವನ್ನಲ್ಲ, ಅದು ಹೋಗಿ ಸೇರಬೇಕಾದ ಆಟವನ್ನು. ಟೆಕ್ಸ್ಚರ್ ಎಂದು ನಾವು ಕರೆಯುವ ಚಿತ್ರವು ದರ್ಜಿ ಕತ್ತರಿಸಿ ಮೇಜಿನ ಮೇಲೆ ಹರಡಿಟ್ಟ ಅಂಗಿಯ ತುಂಡುಗಳಂತೆ ಇರುತ್ತದೆ. ಯಾವುದು ತೋಳು, ಯಾವುದು ಕಾಲರು ಎಂಬುದು ಹೊಲಿದಾಗಲೇ ತಿಳಿಯುವುದು. ಆದ್ದರಿಂದ ಕ್ರಿಕೆಟ್ 07ರಲ್ಲಿ ನನ್ನದಕ್ಕೆ ಹತ್ತಿರದ ಆಕಾರವುಳ್ಳ ಒಂದು ಕ್ರೀಡಾಂಗಣವನ್ನು ಆರಿಸಿಕೊಂಡು, ಅದರ ಪ್ರತಿಯೊಂದು ಟೆಕ್ಸ್ಚರಿನ ಜಾಗದಲ್ಲಿ ಅಂಕಿ ಬರೆದ ಚೌಕುಳಿಯ ಚಿತ್ರವನ್ನು ಹಾಕಿದೆ. 1024 ಪಿಕ್ಸೆಲ್ ಅಗಲ ಮತ್ತು ಅಷ್ಟೇ ಎತ್ತರದ ಚಿತ್ರವನ್ನು 64 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದರೆ 256 ಮನೆಗಳಾಗುತ್ತವೆ. ಪ್ರತಿ ಮನೆಗೂ ಒಂದು ಸಂಖ್ಯೆ, ಪ್ರತಿ ಟೆಕ್ಸ್ಚರಿಗೂ ಒಂದು ಬೇರೆ ತಳಬಣ್ಣ. ನಂತರ ಆಟವನ್ನು ತೆರೆದು, ಬ್ಯಾಟ್ಸ್‌ಮನ್ನನ ಹಿಂದಿನಿಂದ, ಬೌಲರನ ಕಡೆಯಿಂದ, ಸಿಕ್ಸರ್ ಹೊಡೆದಾಗ ಕ್ಯಾಮೆರಾ ತಿರುಗುವ ಪ್ರತಿಯೊಂದು ದಿಕ್ಕಿನಿಂದ ಪರದೆಯ ಚಿತ್ರ ತೆಗೆದುಕೊಂಡು, ಹಸಿರು ಚಿತ್ರದ 37ನೆಯ ಮನೆ ಪೆವಿಲಿಯನ್ನಿನ ಗ್ಯಾಲರಿಯ ಎಡತುದಿ, ನೀಲಿ ಚಿತ್ರದ 112ನೆಯದು ಸೈಟ್‌ಸ್ಕ್ರೀನಿನ ಅಂಚು ಎನ್ನುವಂತೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಬೇಸರ ತರಿಸುವ ಕೆಲಸವಿದು, ಆದರೆ ಈ ನಕ್ಷೆ ಕೈಯಲ್ಲಿದ್ದರೆ ಮುಂದಿನದೆಲ್ಲ ಅಳತೆಯ ಪ್ರಶ್ನೆ ಮಾತ್ರ. ಯಾವ ಕ್ಯಾಮೆರಾಕ್ಕೂ ಕಾಣದ ಮನೆಗಳು ಎಷ್ಟಿವೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಅಂಥ ಮನೆಗಳಿಗಾಗಿ ಸಮಯ ಕಳೆಯಬೇಕಾಗಿಲ್ಲ.

ಚೌಕುಳಿಯಲ್ಲಿ ಕನ್ನಡ ಅಕ್ಷರಗಳ ಬದಲು ಅಂಕಿಗಳನ್ನು ಬಳಸಿದ್ದಕ್ಕೆ ಕಾರಣವಿದೆ. ಒಂದೇ ಟೆಕ್ಸ್ಚರನ್ನು ಕ್ರೀಡಾಂಗಣದ ಒಂದು ಬದಿಗೆ ನೇರವಾಗಿಯೂ ಎದುರು ಬದಿಗೆ ಕನ್ನಡಿಯಲ್ಲಿ ಕಂಡಂತೆ ತಿರುವಿಯೂ ಬಳಸುವುದು ಆ ಕಾಲದ ಆಟಗಳಲ್ಲಿ ಸಾಮಾನ್ಯ. ಇದರಿಂದ ಗ್ರಾಫಿಕ್ಸ್ ಮೆಮೊರಿ ಉಳಿಯುತ್ತದೆ. ಠ, ರ ಮುಂತಾದ ದುಂಡು ಅಕ್ಷರಗಳು ತಿರುವಿ ಬಿದ್ದರೂ ಸಣ್ಣ ಗಾತ್ರದಲ್ಲಿ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತವೆ. 2, 4, 7 ಇವುಗಳನ್ನು ನೋಡಿದ ಕೂಡಲೇ ಗುಟ್ಟು ಬಯಲಾಗುತ್ತದೆ. ಹೀಗೆ ಗುರುತಿಸಿದ ಜಾಗಗಳಲ್ಲಿ ನಾನು ಬರಹವನ್ನೇ ಇಡಲಿಲ್ಲ. ಕಮಾನಿನ ಮೇಲೆ ಊರಿನ ಹೆಸರು ಇರಲೇಬೇಕೆಂದು ನನ್ನ ತಂಗಿಯ ಮಗ ಹಟ ಹಿಡಿದಾಗ ಬರೆದು ತೋರಿಸಿದೆ. ಅವನು ಎರಡು ಓವರ್ ಆಡಿ, “ಮಾಮಾ, ಆ ಕಡಿ ಬಾಜೂಕ ಹೆಸರು ಉಲ್ಟಾ ಕಾಣ್ಲಾಕತ್ತದ, ತೆಗೆದುಬಿಡ್ರಿ” ಎಂದ. ಅಲ್ಲಿ ಈಗ ಬರೀ ಹೂಬಳ್ಳಿಯ ಪಟ್ಟಿಯಿದೆ.

ಇನ್ನು ಫೈಲುಗಳ ಒಳಗಿನ ವಿಚಾರ. ಬಿಗ್ ಕಟ್ಟನ್ನು, ಫೈಲಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಮೊದಲ ನಾಲ್ಕು ಬೈಟುಗಳಲ್ಲಿ ಬಿಐಜಿಎಫ್ ಎಂಬ ಗುರುತು ಕಾಣುತ್ತದೆ. ಅದರ ನಂತರ ಒಳಗಿರುವ ಫೈಲುಗಳ ಎಣಿಕೆ, ಪ್ರತಿ ಫೈಲೂ ಎಲ್ಲಿಂದ ಆರಂಭವಾಗುತ್ತದೆ, ಎಷ್ಟು ಉದ್ದವಿದೆ, ಹೆಸರೇನು ಎಂಬ ಪಟ್ಟಿ ಇರುತ್ತದೆ. ಈ ಪಟ್ಟಿಯ ಸಂಖ್ಯೆಗಳಲ್ಲಿ ಹೆಚ್ಚು ಬೆಲೆಯ ಬೈಟು ಮೊದಲು ಬರುತ್ತದೆ. ಎಫ್‌ಎಸ್‌ಎಚ್ ಫೈಲಿನ ಗುರುತು ಎಸ್‌ಎಚ್‌ಪಿಐ. ಅದರಲ್ಲಿ ಕಡಿಮೆ ಬೆಲೆಯ ಬೈಟು ಮೊದಲು. ತಾವೇ ಸಣ್ಣ ಪ್ರೋಗ್ರಾಂ ಬರೆದು ಈ ಕೆಲಸ ಮಾಡಿಕೊಳ್ಳುವವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ಎಫ್‌ಎಸ್‌ಎಚ್ ಫೈಲಿನ ಒಳಗಿನ ಪ್ರತಿ ಚಿತ್ರಕ್ಕೆ ನಾಲ್ಕಕ್ಷರದ ಒಂದು ಹೆಸರಿರುತ್ತದೆ. ಮಾದರಿಯು ಚಿತ್ರವನ್ನು ಹುಡುಕುವುದು ಈ ಹೆಸರಿನಿಂದ. ಆದ್ದರಿಂದ ಕ್ರಿಕೆಟ್ 2005ರ ಫೈಲನ್ನು ಹೆಸರು ಬದಲಿಸಿ ಅಂಟಿಸುವ ಬದಲು, ಕ್ರಿಕೆಟ್ 07ರ ಮೂಲ ಫೈಲನ್ನೇ ಚೌಕಟ್ಟಾಗಿ ಇಟ್ಟುಕೊಂಡು ಅದರೊಳಗಿನ ಒಂದೊಂದು ಚಿತ್ರವನ್ನು ಮಾತ್ರ ಬದಲಿಸುವುದು ನನ್ನ ಪದ್ಧತಿ; ಹೆಸರು, ಕ್ರಮ ಎರಡೂ ಆಟ ನಿರೀಕ್ಷಿಸುವಂತೆಯೇ ಉಳಿಯುತ್ತವೆ. ಫೈಲಿನ ಆರಂಭದಲ್ಲಿ ಎಸ್‌ಎಚ್‌ಪಿಐ ಬದಲು 10 ಎಫ್‌ಬಿ ಎಂಬ ಬೈಟುಗಳು ಕಂಡರೆ ಅದು ರೆಫ್‌ಪ್ಯಾಕ್ ಎಂಬ ಇಎ ವಿಧಾನದಲ್ಲಿ ಕುಗ್ಗಿಸಿದ ಫೈಲು, ಮೊದಲು ಬಿಚ್ಚಬೇಕು. ಮರಳಿ ಸೇರಿಸುವಾಗ ನಾನು ಕುಗ್ಗಿಸದೆಯೇ ಬಿಟ್ಟೆ. ಆಟ ತಕರಾರಿಲ್ಲದೆ ಓದಿತು.

ನಮ್ಮ ಅಕ್ಷರಗಳಿಗೆ ನಿಜವಾದ ಪರೀಕ್ಷೆ ಜಾಹೀರಾತು ಫಲಕಗಳಲ್ಲಿ. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಟೈಪಿಸಿದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತವೆ. ನಾನು ಅಂಗಡಿಯ ರೂಢಿಯಂತೆ ಕೋರಲ್‌ಡ್ರಾದಲ್ಲಿ ನುಡಿ ಅಕ್ಷರಗಳಲ್ಲಿ ಬರೆದು, ಅವನ್ನು ಕರ್ವ್ ಮಾಡಿ, ಅಂದರೆ ಬರೀ ಆಕಾರಗಳಾಗಿ ಬದಲಿಸಿ, ಪರದೆಗೆ ಹೊಂದುವ ಆರ್‌ಜಿಬಿ ಬಣ್ಣಗಳಲ್ಲಿ ಚಿತ್ರವಾಗಿ ಹೊರತೆಗೆದೆ. ಫ್ಲೆಕ್ಸ್ ಮುದ್ರಣಕ್ಕೆ ಇಟ್ಟ ಸಿಎಂವೈಕೆ ಫೈಲನ್ನು ನೇರವಾಗಿ ಬದಲಿಸಿದರೆ ಬಣ್ಣ ಮಂಕಾಗುತ್ತದೆ. ತೊಡಕು ಆರಂಭವಾಗುವುದು ಇದರ ನಂತರ. ಫಲಕದ ಚಿತ್ರವನ್ನು ಡಿಎಕ್ಸ್‌ಟಿ1 ಎಂಬ ಕುಗ್ಗಿಸುವ ವಿಧಾನದಲ್ಲಿ ಉಳಿಸಿದಾಗ ಅದು ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರದ ತುಣುಕುಗಳಾಗಿ ಒಡೆಯುತ್ತದೆ, ಒಂದು ತುಣುಕಿನಲ್ಲಿ ಹೆಚ್ಚೆಂದರೆ ನಾಲ್ಕು ಬಣ್ಣಗಳಿರಬಹುದು. ಅವುಗಳಲ್ಲಿಯೂ ಎರಡು ಮಾತ್ರ ಸ್ವತಂತ್ರ ಬಣ್ಣಗಳು, ಉಳಿದೆರಡು ಅವುಗಳ ನಡುವಿನ ಛಾಯೆಗಳು. ಅರಿಶಿನ ಮತ್ತು ಕುಂಕುಮ ಬಣ್ಣಗಳು ಅಕ್ಕಪಕ್ಕ ಇದ್ದು, ಅವುಗಳ ಮೇಲೆ ಕರಿಯ ಅಕ್ಷರ ಬಂದರೆ, ಗಡಿಯ ತುಣುಕಿನಲ್ಲಿ ಮೂರೂ ಬಣ್ಣಗಳಿಗೆ ಜಾಗ ಸಾಲದೆ ಅಂಚು ರಾಡಿಯಾಗುತ್ತದೆ. ಎರಡು ಬಣ್ಣ ಸೇರುವ ಗೆರೆಯನ್ನು ನಾಲ್ಕರ ಗುಣಕದ ಪಿಕ್ಸೆಲಿನ ಮೇಲೆಯೇ ಇಟ್ಟು, ಬರಹವನ್ನು ಆ ಗಡಿಯಿಂದ ದೂರ ಸರಿಸಿದಾಗ ಅಂಚು ಶುದ್ಧವಾಯಿತು. 64 ಪಿಕ್ಸೆಲ್ ಎತ್ತರದ ಫಲಕದಲ್ಲಿ ಒತ್ತಕ್ಷರಕ್ಕೂ ಜಾಗ ಬಿಟ್ಟರೆ ಮುಖ್ಯ ಅಕ್ಷರಕ್ಕೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಹೀಗಾಗಿ ‘ಶಹಾಬಾದ್ ಕಲ್ಲು’ ಎಂಬುದಕ್ಕಿಂತ ‘ತೊಗರಿ ಕಣಜ’ ಎಂಬ ಬರಹ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಒತ್ತಿಲ್ಲದ ಪದಗಳನ್ನು ಆರಿಸಿ, ಗಾಢ ಹಿನ್ನೆಲೆಯ ಮೇಲೆ ದಪ್ಪನೆಯ ಬಿಳಿ ಅಕ್ಷರ ಇಡುವುದು ನನ್ನ ಮಟ್ಟಿಗೆ ಉತ್ತಮ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮೇಲೆ ಕೆಳಗೆ ಏನೂ ಜೋತುಬೀಳುವುದಿಲ್ಲವಾದ್ದರಿಂದ ಈ ಫಲಕಗಳ ಅಳತೆ ಅವಕ್ಕೆ ಸುಲಭವಾಗಿ ಒಗ್ಗುತ್ತದೆ.

ಜಾಲರಿ, ಬೇಲಿ, ಮರದ ಎಲೆ, ಪ್ರೇಕ್ಷಕರ ಸಾಲು ಇಂಥ ಅಲ್ಲಲ್ಲಿ ಪಾರದರ್ಶಕವಾದ ಚಿತ್ರಗಳಿಗೆ ಡಿಎಕ್ಸ್‌ಟಿ1 ಸಾಲದು. ಅದರಲ್ಲಿ ಒಂದು ಪಿಕ್ಸೆಲ್ ಪೂರ್ತಿ ಕಾಣುತ್ತದೆ ಇಲ್ಲವೇ ಪೂರ್ತಿ ಮರೆಯಾಗುತ್ತದೆ. ಡಿಎಕ್ಸ್‌ಟಿ3ರಲ್ಲಿ ಪಾರದರ್ಶಕತೆಗೆ 16 ಹಂತಗಳಿವೆ, ಪ್ರತಿಯಾಗಿ ಗಾತ್ರ ಇಮ್ಮಡಿಯಾಗುತ್ತದೆ. ಎಫ್‌ಎಸ್‌ಎಚ್ ಒಳಗೆ ಈ ಎರಡು ಬಗೆಗಳ ಗುರುತು, ಹದಿನಾರರ ಲೆಕ್ಕದಲ್ಲಿ, ಕ್ರಮವಾಗಿ 60 ಮತ್ತು 61. ಇದಲ್ಲದೆ ದೂರದ ನೋಟಕ್ಕಾಗಿ ಅರ್ಧರ್ಧ ಕಿರಿದು ಮಾಡಿದ ಪ್ರತಿಗಳ ಸಾಲು, ಅಂದರೆ ಮಿಪ್‌ಮ್ಯಾಪ್, ಚಿತ್ರದ ಜೊತೆಗಿರಬೇಕು. ಅದಿಲ್ಲದಿದ್ದರೆ ಕ್ಯಾಮೆರಾ ಓಡಿದಾಗ ಕುರ್ಚಿಗಳ ಸಾಲು ಮಿಣಮಿಣ ಎನ್ನುತ್ತದೆ. ಆದರೆ ಜಾಲರಿಯ ಮಿಪ್‌ಮ್ಯಾಪನ್ನು ಉಪಕರಣ ತಾನಾಗಿಯೇ ಮಾಡಿದರೆ ತೆಳುವಾದ ತಂತಿಗಳು ಸರಾಸರಿಯಲ್ಲಿ ಕರಗಿ, ಮೂವತ್ತು ಗಜದಾಚೆ ಬೇಲಿಯೇ ಕಾಣುವುದಿಲ್ಲ. ಕಿರಿಯ ಪ್ರತಿಗಳಲ್ಲಿ ತಂತಿಯನ್ನು ಕೈಯಿಂದಲೇ ದಪ್ಪ ಮಾಡಿ ಹಾಕಿದೆ.

ಬೆಳಕಿನ ಹೊಂದಾಣಿಕೆಗೆ ಕಣ್ಣಂದಾಜನ್ನು ನಂಬಲಿಲ್ಲ. ಒಂದೇ ಫರ್ಸಿಯ ಚಿತ್ರ ಎರಡು ಆಟಗಳಲ್ಲಿ ಎರಡು ಬಗೆಯಾಗಿ ಕಾಣುತ್ತಿತ್ತು, ಏಕೆಂದರೆ ಮಾದರಿಯ ಬಿಂದುಗಳಲ್ಲಿಯೇ ಅಡಗಿರುವ ಛಾಯೆಯು ಚಿತ್ರದ ಬಣ್ಣದೊಡನೆ ಗುಣಿಸಿ ಪರದೆಗೆ ಬರುತ್ತದೆ. ಎರಡೂ ಆಟಗಳಲ್ಲಿ ಅದೇ ಗೋಡೆಗೆ 128, 128, 128 ಅಳತೆಯ ನಡು ಬೂದುಬಣ್ಣವನ್ನು ಬಳಿದು, ಅದೇ ಹವಾಮಾನದಲ್ಲಿ, ಅದೇ ಹೊತ್ತಿನ ಪಂದ್ಯದಲ್ಲಿ ಪರದೆಯ ಚಿತ್ರ ತೆಗೆದು, ಅಲ್ಲಿ ಕಂಡ ಬೂದು ಎಷ್ಟಕ್ಕೆ ಇಳಿದಿದೆ ಅಥವಾ ಏರಿದೆ ಎಂದು ಬಣ್ಣದ ಅಂಕಿ ಓದುವ ಐಡ್ರಾಪರಿನಿಂದ ಅಳೆದೆ. ಆ ಅಂತರವನ್ನು ಬೆಳಕು ಹೆಚ್ಚುಕಡಿಮೆ ಮಾಡುವ ಲೆವೆಲ್ಸ್‌ನಲ್ಲಿ ತಿರುವುಮುರುವು ಮಾಡಿ ಹಾಕಿದರೆ ಹೊಂದಾಣಿಕೆ ಮುಗಿಯಿತು. ಮೂಲ ಛಾಯಾಚಿತ್ರಗಳಿಗೂ ಇದೇ ಎಚ್ಚರ ಬೇಕು. ಕಲಬುರಗಿಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತೆಗೆದ ಗೋಡೆಯ ಚಿತ್ರದಲ್ಲಿ ಪ್ರತಿ ಕಲ್ಲಿನ ಸಂದಿಯೂ ಕಪ್ಪು ನೆರಳು ಹಿಡಿದಿರುತ್ತದೆ, ಆಟದ ಸೂರ್ಯ ಬೇರೆ ದಿಕ್ಕಿನಲ್ಲಿದ್ದರೆ ಆ ನೆರಳು ಸುಳ್ಳು ಹೇಳುತ್ತದೆ. ಕೋಟೆಯ ಬುರುಜನ್ನೂ ಫರ್ಸಿಯ ಗೋಡೆಯನ್ನೂ ಜುಲೈ, ಆಗಸ್ಟಿನ ಮೋಡದ ದಿನಗಳಲ್ಲಿ ಮತ್ತೆ ತೆಗೆದೆ.

ಮಾದರಿಯನ್ನೇ ತಿದ್ದಿ ಹೊಸ ಗ್ಯಾಲರಿ ಕಟ್ಟುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಅದು ಬೇರೆಯೇ ವಿದ್ಯೆ, ಅದಕ್ಕೆ ಬೇಕಾದ ತಾಳ್ಮೆಯೂ ಬೇರೆ. ಬೇರೆಯವರು ಮಾಡಿ ಹಂಚಿದ ಕ್ರೀಡಾಂಗಣದ ಚಿತ್ರಗಳನ್ನು ಕೇಳದೆ ಎತ್ತಿಕೊಳ್ಳುವುದೂ ಸಲ್ಲದು. ಕೇಳಿದರೆ ಬಹುತೇಕರು ಸಂತೋಷದಿಂದಲೇ ಒಪ್ಪುತ್ತಾರೆ.

ಗಾತ್ರದ ವಿಷಯದಲ್ಲಿ ಆಸೆ ಮಿತಿಯಲ್ಲಿರಲಿ. 1024ರ ಚದರ ಚಿತ್ರವೊಂದನ್ನು 32 ಬಿಟ್ ಬಣ್ಣದಲ್ಲಿ ಇಟ್ಟರೆ 4 ಎಂಬಿ, ಡಿಎಕ್ಸ್‌ಟಿ1ರಲ್ಲಿ ಇಟ್ಟರೆ ಅರ್ಧ ಎಂಬಿ. ಮಿಪ್‌ಮ್ಯಾಪ್ ಸೇರಿದರೆ ಇದರ ಮೇಲೆ ಮೂರನೆಯ ಒಂದು ಪಾಲು ಹೆಚ್ಚಾಗುತ್ತದೆ. ಆಟ 32 ಬಿಟ್ ಕಾಲದ್ದು, ಹೆಚ್ಚು ಮೆಮೊರಿ ಬಳಸಲಾರದು, ಹುಡುಗರ ಲ್ಯಾಪ್‌ಟಾಪುಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೂ ಇರುವುದಿಲ್ಲ. ಆಕಾಶ ಮತ್ತು ದೂರದ ಹಿನ್ನೆಲೆಗೆ 1024, ಕುರ್ಚಿ ಮತ್ತು ಗೋಡೆಗೆ 512, ಕಾಣದ ಮೂಲೆಗಳಿಗೆ 128 ಎಂದು ಹಂಚಿದೆ. ಅಗಲ ಎತ್ತರಗಳೆರಡೂ ಎರಡರ ಘಾತವಾಗಿಯೇ ಇರಬೇಕು. ಹುಡುಗರಿಗೆ ಕೊಡುವ ಪೆನ್‌ಡ್ರೈವಿನಲ್ಲಿ ಮೂರು ಫೋಲ್ಡರುಗಳಿರುತ್ತವೆ: ಮೂಲ ಆಟದ ಫೈಲುಗಳ ಪ್ರತಿ, ನನ್ನ ಫೈಲುಗಳು, ಮತ್ತು ಯಾವುದನ್ನು ಯಾವುದರ ಮೇಲೆ ಹಾಕಬೇಕೆಂದು ಕನ್ನಡದಲ್ಲಿ ಬರೆದ ಒಂದು ಪುಟ. ರಾತ್ರಿಯ ಪಂದ್ಯದ ಚಿತ್ರಗಳನ್ನು ಇದರಲ್ಲಿ ಸೇರಿಸಿಲ್ಲ. ಆ ಬೆಳಕಿಗೆ ಬೂದುಬಣ್ಣದ ಅಳತೆಯನ್ನು ಬೇರೆಯಾಗಿಯೇ ತೆಗೆಯಬೇಕು, ಅಲ್ಲಿಯವರೆಗೆ ಈ ಕ್ರೀಡಾಂಗಣವನ್ನು ಹಗಲಿನ ಪಂದ್ಯಗಳಿಗೆ ಮಾತ್ರ ಬಳಸಿರೆಂದು ಆ ಪುಟದ ಮೊದಲ ಸಾಲಿನಲ್ಲಿಯೇ ಬರೆದಿದ್ದೇನೆ.