ಹೊಸ್ತಿಲ ಬೆಳಕಿನಲ್ಲಿ ಹಿರಿಯರ ಮುಖ: ನನ್ನ ಅನುಭವ

ದಾವಣಗೆರೆಯ ಹಳೆಯ ಭಾಗದಲ್ಲಿ ನನ್ನ ಸ್ಟುಡಿಯೋ ಇದೆ. ಮದುವೆ, ನಾಮಕರಣ ಮತ್ತು ಪಾಸ್‌ಪೋರ್ಟ್ ಫೋಟೋಗಳಿಂದಲೇ ಸುಮಾರು 17 ವರ್ಷ ಸಂಸಾರ ನಡೆಸಿದ್ದೇನೆ. ಬರೀ ಪೋರ್ಟ್ರೇಟ್ ತೆಗೆದು ಹಣ ಸಂಪಾದಿಸುವೆನೆಂದು ನಾಲ್ಕು ವರ್ಷಗಳ ಹಿಂದೆ ಹೇಳಿದಾಗ ನಮ್ಮೂರಿನ ಛಾಯಾಗ್ರಾಹಕ ಮಿತ್ರರಲ್ಲಿ ಒಬ್ಬರೂ ಒಪ್ಪಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಒಂದು ಮುಖಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅದರಲ್ಲೂ ನಾನು ತೆಗೆಯಹೊರಟಿದ್ದು ವಯಸ್ಸಾದವರ ಚಿತ್ರ.

ಆ ಯೋಚನೆ ಬಂದದ್ದು ಒಂದು ಸಂಜೆ. ಒಬ್ಬರು ಮದುವೆಯ ಗ್ರೂಪ್ ಫೋಟೋ ಹಿಡಿದು ಬಂದರು. ತೀರಿಕೊಂಡ ಅವರ ತಾಯಿ ಅದರಲ್ಲಿ ಮೂರನೆಯ ಸಾಲಿನಲ್ಲಿದ್ದರು. ಮುಂದಿದ್ದವರ ಪೇಟದ ಹಿಂದೆ ಅರ್ಧ ಮುಖ ಮರೆಯಾಗಿತ್ತು. ಹನ್ನೊಂದನೆಯ ದಿನದ ಕಾರ್ಯಕ್ಕೆ ದೊಡ್ಡ ಫೋಟೋ ಬೇಕಿತ್ತು. ನಾನು ರಾತ್ರಿ ಕುಳಿತು ಮುಖ ಬಿಡಿಸಿ, ಕಾಣದ ಕಿವಿಯನ್ನೂ ಕೆನ್ನೆಯನ್ನೂ ಕಂಪ್ಯೂಟರಿನಲ್ಲಿ ತುಂಬಿಸಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, "ನಮ್ಮವ್ವನೇ ಹೌದು, ಆದ್ರೆ ನಮ್ಮವ್ವ ಹಿಂಗೆ ನೋಡ್ತಿರ್ಲಿಲ್ಲ" ಎಂದರು. ಇಂಥ ಕೆಲಸ ನಮ್ಮೆಲ್ಲರ ಅಂಗಡಿಗೂ ಬರುತ್ತದೆ, ಆಧಾರ್ ಕಾರ್ಡಿನ ಮುಖವನ್ನು ದೊಡ್ಡದು ಮಾಡಿಕೊಡಿ ಎಂದು ಕೇಳುವವರೂ ಇದ್ದಾರೆ. ಬದುಕಿರುವಾಗಲೇ ಒಂದು ಒಳ್ಳೆಯ ಚಿತ್ರ ತೆಗೆದಿಡಬಾರದೇಕೆ ಎಂದು ಅಂದು ಅನ್ನಿಸಿತು.

ಮೊದಲ ವರ್ಷ ಪೂರ್ತಿ ನಷ್ಟ. ಸಾಲ ಮಾಡಿ, ನೆನಪಿರುವಂತೆ 42 ಸಾವಿರ ರೂಪಾಯಿಗೆ ಎರಡು ಸ್ಟುಡಿಯೋ ಫ್ಲ್ಯಾಶ್, ಬೆಳಕನ್ನು ಮೃದುವಾಗಿಸುವ ಸಾಫ್ಟ್‌ಬಾಕ್ಸ್ ಮತ್ತು ಸ್ಟ್ಯಾಂಡುಗಳನ್ನು ತಂದೆ. ಹಿರಿಯರನ್ನು ಸ್ಟುಡಿಯೋಗೆ ಕರೆಸಿ ದೀಪಗಳ ನಡುವೆ ಸ್ಟೂಲಿನ ಮೇಲೆ ಕೂರಿಸಿದರೆ ಅವರು ಬ್ಯಾಂಕಿನ ಮುಂದೆ ಸರದಿ ಕಾಯುವವರ ಹಾಗೆ ಬಿಗಿದುಕೊಳ್ಳುತ್ತಿದ್ದರು, ಫ್ಲ್ಯಾಶ್ ಹೊಡೆದೊಡನೆ ಕಣ್ಣು ಮುಚ್ಚುತ್ತಿದ್ದರು. 60 ಫ್ರೇಮಿನಲ್ಲಿ ಒಂದು ಸರಿ ಬಂದರೆ ಹೆಚ್ಚು. ಒಬ್ಬ ಅಜ್ಜ ನೇರವಾಗಿಯೇ, "ಏನ್ ತಮ್ಮಾ, ನನ್ನ ಕಳಿಸೋಕೆ ನಮ್ ಹುಡುಗರಿಗೆ ಇಷ್ಟು ಅವಸರ ಐತಾ?" ಎಂದು ಎದ್ದು ಹೋದರು. ಆ ವರ್ಷ ಬಂದ ಗಿರಾಕಿಗಳು ಒಂಬತ್ತೋ ಹತ್ತೋ ಮಂದಿ. ಕೊನೆಗೆ ಫ್ಲ್ಯಾಶ್‌ಗಳನ್ನು ಅರ್ಧ ಬೆಲೆಗೆ ಮಾರಿದೆ.

ದಾರಿ ತೋರಿಸಿದ್ದು ಚಿತ್ರದುರ್ಗದ ಕೋಟೆ. ಒಂದು ಪ್ರೀ-ವೆಡ್ಡಿಂಗ್ ಶೂಟಿಂಗಿಗೆ ಹೋಗಿದ್ದೆವು. ನಡು ಮಧ್ಯಾಹ್ನ, ಬಂಡೆಗಳ ಮೇಲೆ ಮುಖ ಸುಡುವ ಬಿಸಿಲು. ವಿಶ್ರಾಂತಿಗೆಂದು ಹೆಬ್ಬಾಗಿಲೊಂದರ ಒಳಗೆ ಕುಳಿತಾಗ ಹುಡುಗನ ತಾತ ಹೊರಗೆ ನೋಡುತ್ತಾ ನಿಂತಿದ್ದರು. ತಲೆಯ ಮೇಲೆ ಕಲ್ಲಿನ ನೆರಳು, ಎದುರಿನ ಗೋಡೆಗೆ ಬಡಿದು ಬರುವ ಮೃದುವಾದ ಬೆಳಕು, ಹಿಂದೆ ಕತ್ತಲೆ. ಎರಡೂ ಕಣ್ಣುಗಳಲ್ಲಿ ಬಾಗಿಲಿನ ಆಕಾರದ ಹೊಳಪು ಸ್ಪಷ್ಟವಾಗಿ ಕಾಣುತ್ತಿತ್ತು. ಆ ದಿನ ತೆಗೆದ ಸಾವಿರ ಚಿತ್ರಗಳಲ್ಲಿ ಮನೆಯವರು ಮೊದಲು ಕೇಳಿ ಪಡೆದದ್ದು ತಾತನ ಆ ಒಂದು ಚಿತ್ರವನ್ನು.

ಅಂದಿನಿಂದ ನಾನು ಗಿರಾಕಿಯನ್ನು ಸ್ಟುಡಿಯೋಗೆ ಕರೆಯುವುದನ್ನು ಬಿಟ್ಟು, ಅವರವರ ಮನೆಯ ಹೊಸ್ತಿಲಿನಿಂದ ಎರಡು ಹೆಜ್ಜೆ ಒಳಗೆ, ಅವರದೇ ಕುರ್ಚಿಯಲ್ಲಿ ಕೂರಿಸತೊಡಗಿದೆ. ನೇರ ಬಿಸಿಲು ಬೀಳದ ಬಾಗಿಲು ಬೇಕು. ಉತ್ತರಕ್ಕೆ ಮುಖ ಮಾಡಿದ್ದರೆ ವರ್ಷದ ಹೆಚ್ಚಿನ ತಿಂಗಳು ಇಡೀ ದಿನ ಕೆಲಸ ಮಾಡಬಹುದು. ವಿದ್ಯುತ್ ದೀಪವಿಲ್ಲದ ಕಾಲದ ಸ್ಟುಡಿಯೋಗಳಲ್ಲಿ ಉತ್ತರ ದಿಕ್ಕಿಗೇ ಗಾಜು ಹಾಕಿಸುತ್ತಿದ್ದುದು ಇದೇ ಕಾರಣಕ್ಕೆ. ಸ್ಫೂರ್ತಿ ಬೇಕೆನ್ನುವ ಹುಡುಗರಿಗೆ ನಾನು ಇನ್‌ಸ್ಟಾಗ್ರಾಂ ತೋರಿಸುವುದಿಲ್ಲ. ಹಳೆಯ ಮನೆಗಳ ಪಡಸಾಲೆಯಲ್ಲಿ ಮುಂದಕ್ಕೆ ಬಾಗಿ ತೂಗುವ ಕಪ್ಪು-ಬಿಳುಪು ಪಟಗಳನ್ನು ನೋಡಿ, ಬೆಳಕು ಯಾವ ಕೆನ್ನೆಯಿಂದ ಬಂದಿದೆ ಎಂದು ಹೇಳಿ ಎನ್ನುತ್ತೇನೆ.

ಉಪಕರಣ ಕಡಿಮೆ. ಸುಮಾರು ಎಂಟು ಸಾವಿರ ರೂಪಾಯಿಯ 50 ಎಂಎಂ ಲೆನ್ಸ್, ಅದರ ಕಿಂಡಿ (ಅಪರ್ಚರ್) ಎಫ್ 2.8ರ ಆಸುಪಾಸು, ನೆರಳಿನ ಕಡೆಗೆ ಬೆಳಕು ಮರಳಿಸಲು ಒಂದು ಥರ್ಮಾಕೋಲ್ ಹಲಗೆ. ಹಿನ್ನೆಲೆಗೆ ಚಳ್ಳಕೆರೆ ಕಡೆಯ ಕಪ್ಪು ಕುರಿ ಕಂಬಳಿ. 1,800 ಕೊಟ್ಟ ನೆನಪು. ಸಾವಿರಾರು ರೂಪಾಯಿ ಸುರಿದು ತಂದ ಯಾವ ಬಟ್ಟೆಯೂ ಅದರಂತೆ ಬೆಳಕನ್ನು ನುಂಗುವುದಿಲ್ಲ, ಕಂಬಳಿಯಲ್ಲಿ ಸುಕ್ಕೂ ಕಾಣುವುದಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ರೆಡ್ ಆಕ್ಸೈಡ್ ನೆಲ. ಬಾಗಿಲ ಬೆಳಕು ಅದಕ್ಕೆ ಬಡಿದು ಗದ್ದದ ಕೆಳಗೆ, ಮೂಗಿನ ಹೊಳ್ಳೆಗಳಲ್ಲಿ ಕೆಂಪು ಹತ್ತುತ್ತಿತ್ತು. ಚಿತ್ರದ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಎಷ್ಟು ತಿದ್ದಿದರೂ ಮುಖದ ಮೇಲ್ಭಾಗ ನೀಲಿಯಾಗುತ್ತಿತ್ತೇ ಹೊರತು ಕೆಂಪು ಹೋಗುತ್ತಿರಲಿಲ್ಲ. ಎಂಟು ಹತ್ತು ಮನೆಗಳ ಚಿತ್ರ ಹೀಗೆ ಕೆಟ್ಟ ಮೇಲೆ ಒಂದು ಬಿಳಿ ಪಂಚೆಯನ್ನು ಕಾಲ ಬಳಿ ಹಾಸಿದೆ. ಅಷ್ಟೇ ಸಾಕಾಯಿತು, ಕಣ್ಣಿನ ಕೆಳಗಿನ ನೆರಳೂ ತಿಳಿಯಾಯಿತು.

1941ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಛಾಯಾಗ್ರಾಹಕ ಯೂಸುಫ್ ಕಾರ್ಷ್ ಅವರು ಬ್ರಿಟನ್ ಪ್ರಧಾನಿ ಚರ್ಚಿಲ್ ಬಾಯಿಯಿಂದ ಚುಟ್ಟಾ ಕಿತ್ತುಕೊಂಡು, ಅವರು ಮುಖ ಗಂಟಿಕ್ಕಿದಾಗ ಚಿತ್ರ ತೆಗೆದದ್ದು ಹೆಸರಾಂತ ಪ್ರಸಂಗ. ನಮ್ಮ ಹಿರಿಯರಿಗೆ ಅದು ಒಗ್ಗುವುದಿಲ್ಲ. ನಾನು ಅವರ ಕೈಗೆ ಒಂದು ವಸ್ತುವನ್ನು ಕೊಡುತ್ತೇನೆ, ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಮುಗಿದ ಮರುಕ್ಷಣದಲ್ಲಿ ತುಟಿ ಸಡಿಲವಾಗುತ್ತದೆ, ಆಗ ಕ್ಲಿಕ್ಕಿಸುತ್ತೇನೆ. ವಸ್ತು ಯಾವುದು, ಪ್ರಶ್ನೆ ಏನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿದೆ. ಫೋಟೋ ಯಾತಕ್ಕೆಂದು ಮಾತ್ರ ಅವರ ಮುಂದೆ ಎಂದೂ ಆಡಬೇಡಿ. ಮೊಮ್ಮಗುವಿನ ಜೊತೆ ಒಂದು ತೆಗೆದು, ಆಮೇಲೆ ಮಗುವನ್ನು ಮೆಲ್ಲಗೆ ಪಕ್ಕಕ್ಕೆ ಕರೆದುಕೊಳ್ಳಿ.

ನಡುವೆ ಮಂಡಕ್ಕಿ ಭಟ್ಟಿಯಲ್ಲೂ ಪ್ರಯತ್ನಿಸಿದೆ. ಹೊಗೆಯ ನಡುವೆ ಹೆಂಚಿನ ಸಂದಿಯಿಂದ ಇಳಿಯುವ ಬೆಳಕಿನ ಕೋಲುಗಳು ಕಣ್ಣಿಗೆ ಬಹಳ ಚೆಂದ. ಆದರೆ ಚಿತ್ರದಲ್ಲಿ ಬೆಳಕಿನ ಕೋಲು ಉಳಿಯಿತು, ಮನುಷ್ಯನ ಮುಖ ಹೋಯಿತು. ಹುರಿಯುವ ಮರಳಿನ ಧೂಳು ಲೆನ್ಸಿನ ಫೋಕಸ್ ರಿಂಗಿಗೆ ಸೇರಿ ರಿಪೇರಿಗೆ 2,300 ರೂಪಾಯಿ ತೆತ್ತೆ. ಅಲ್ಲಿ ಮತ್ತೆ ಹೋಗುವುದಾದರೆ ಭಟ್ಟಿಯ ಬಾಗಿಲಿಗೇ ಬಂದು ನಿಲ್ಲಲು ಹೇಳುತ್ತೇನೆ.

ಈಗ ಒಂದು ಚಿತ್ರಕ್ಕೆ 12ಕ್ಕೆ 18 ಇಂಚಿನ ಪ್ರಿಂಟ್ ಮತ್ತು ಫ್ರೇಮ್ ಸೇರಿ 2,500 ರೂಪಾಯಿ ತೆಗೆದುಕೊಳ್ಳುತ್ತೇನೆ. ಪ್ರಿಂಟು, ಫ್ರೇಮು, ಪೆಟ್ರೋಲು ಸೇರಿ 800ರ ಒಳಗೇ ಮುಗಿಯುತ್ತದೆ. ತಿಂಗಳಿಗೆ 14-15 ಮನೆ ಸಿಗುತ್ತವೆ; ಮದುವೆಗಳಿಲ್ಲದ ಆಷಾಢದಲ್ಲಿ ಇನ್ನೂ ಹೆಚ್ಚು. ಮೋಡ ಮುಸುಕಿದ ಆ ದಿನಗಳ ಬೆಳಕೂ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅಂದು ಪ್ರಶ್ನಿಸಿದ ಮಿತ್ರರಲ್ಲಿ ಇಬ್ಬರು ತಮ್ಮ ತಂದೆ-ತಾಯಿಯ ಚಿತ್ರವನ್ನು ನನ್ನಿಂದಲೇ ತೆಗೆಸಿದ್ದಾರೆ. ಎದ್ದು ಹೋಗಿದ್ದ ಆ ಅಜ್ಜನ ಮನೆಗೂ ಕಳೆದ ಶ್ರಾವಣದಲ್ಲಿ ಹೋಗಿದ್ದೆ. ಈ ಬಾರಿ ಅವರು ರುಮಾಲು ಸುತ್ತಿಕೊಂಡು, ನಾನು ಬರುವ ಮೊದಲೇ ಕುರ್ಚಿಯನ್ನು ಬಾಗಿಲ ಬಳಿಗೆ ತಂದು ಹಾಕಿಸಿಕೊಂಡು ಕುಳಿತಿದ್ದರು.